ಬಿಟ್ಟವರು, ಬಿಡದವರು

ಮಲ್ಲಿಗೆ ಹೂ ಬಿಡುತ್ತದೆ, ಮಳೆ ಬಿಡುತ್ತದೆ, ದಾದರ್‌ನಿಂದ ಗಾಡಿ ಬಿಡುತ್ತದೆ. ‘ಬಿಡು’ ಇಷ್ಟೇ ಮಾಡಿಕೊಂಡಿದ್ದರೆ ತಕರಾರಿರಲಿಲ್ಲ. ಆದರೆ ಅದು ಮನುಷ್ಯರ ನಡುವೆಯೂ ಬರುತ್ತದೆ. ‘ಗಂಡ ಬಿಟ್ಟವಳು’ ಅಂದರೆ ಯಾರು ಯಾರನ್ನು ಬಿಟ್ಟದ್ದು? ವ್ಯಾಕರಣ ಹೇಳುವುದಿಲ್ಲ. ಊರು ಮಾತ್ರ ತಪ್ಪು ಯಾರದೆಂದು ಆಗಲೇ ತೀರ್ಮಾನಿಸಿರುತ್ತದೆ.

ಮುಂಬೈ ಪರೇಲಿನ ಕೆಇಎಂ ಆಸ್ಪತ್ರೆಯ ನರ್ಸ್ ಅರುಣಾ ಶಾನಭಾಗ ಹೊನ್ನಾವರ ಕಡೆಯ ಹಳದೀಪುರದವರು. ಅದೇ ಆಸ್ಪತ್ರೆಯ ವೈದ್ಯರೊಬ್ಬರ ಜತೆ ಮದುವೆ ಗೊತ್ತಾಗಿತ್ತು. 1973ರ ನವೆಂಬರ್ 27ರ ಸಂಜೆ ಡ್ಯೂಟಿ ಬಿಟ್ಟು, ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ವಾರ್ಡ್‌ಬಾಯ್ ಒಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಎಸಗಿದ. ಮೆದುಳಿಗೆ ರಕ್ತ ತಪ್ಪಿತು. ಆಗ 25 ವರ್ಷ. 2015ರ ಮೇ 18ರಂದು ಪ್ರಾಣ ಬಿಡುವ ತನಕ ಆಕೆ ಆ ಆಸ್ಪತ್ರೆ ಬಿಡಲಿಲ್ಲ.

ಆ ವೈದ್ಯರು ಕೆಲವು ವರ್ಷ ಬಂದು ಪಕ್ಕದಲ್ಲಿ ಕೂತರು, ಕೊನೆಗೆ ಬೇರೆ ಮದುವೆಯಾದರು. ‘ಬಿಟ್ಟುಬಿಟ್ಟ’ ಎನ್ನುವುದು ಎಷ್ಟು ಸುಲಭ! ನರ್ಸ್‌ಗಳನ್ನು ನೋಡಿ, ಅವರು ಬಿಡಲಿಲ್ಲವಲ್ಲ ಎಂಬ ಹೋಲಿಕೆಯೂ ಕೂಡಲೇ ಬರುತ್ತದೆ. ನಿಜವೇ. ಹಾಸಿಗೆ ಬಿಡಿಸಲು ಪಾಲಿಕೆ ನೋಡಿದಾಗ ಅವರು ಪ್ರತಿಭಟಿಸಿದರು. ಅಷ್ಟು ವರ್ಷ ಮಲಗಿದ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಆಗಲಿಲ್ಲ. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ, ಒರೆಸಿ, ಒಣಗಿಸಿದವರಿಗಷ್ಟೇ ಅದರ ಬೆಲೆ ಗೊತ್ತು. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಕೂಡ, ದಯಾಮರಣ ಕೋರಿದ ಲೇಖಕಿ ಪಿಂಕಿ ವಿರಾನಿ ಅಲ್ಲ, ಆಸ್ಪತ್ರೆಯವರೇ ಈಕೆಯ ಆಪ್ತರು ಎಂದಿತು.

ಆದರೆ ನರ್ಸ್‌ಗಳಿಗೆ ಪಾಳಿಯಿತ್ತು. ಬೆಳಗಿನವರು ಬಿಟ್ಟರೆ ಮಧ್ಯಾಹ್ನದವರು ಹಿಡಿಯುತ್ತಿದ್ದರು. ಒಂದು ತಲೆಮಾರು ನಿವೃತ್ತಿಯಾದರೆ, ಘಟನೆ ನಡೆದಾಗ ಹುಟ್ಟಿಯೇ ಇರದ ಹುಡುಗಿಯರು ಬಂದು ಹೆಗಲು ಕೊಟ್ಟರು. ‘ಬಿಡದೆ’ ನೋಡಿಕೊಂಡದ್ದು ದಿನಕ್ಕೆ ಮೂರು ಸಲ ಬಿಟ್ಟದ್ದರಿಂದಲೇ ಸಾಧ್ಯವಾಯಿತು. ಒಬ್ಬಂಟಿ ಪ್ರೇಮಕ್ಕೆ ಯಾವ ಪಾಳಿ? 42 ವರ್ಷ ಕೂರಬೇಕಿತ್ತೆನ್ನುವವರು ಎಷ್ಟು ದಿನ ಕೂತಾರು?

ನನ್ನನ್ನು ಕಾಡುವುದು ಬೇರೆ. ಇಬ್ಬರ ನಡುವಿನ ನಂಟನ್ನು ಒಬ್ಬರೇ ಕಳಚಿದರೆ ಅದು ಕೈಬಿಟ್ಟದ್ದು. ಇನ್ನೊಬ್ಬರು ‘ಹೋಗು, ನನ್ನ ಅಡ್ಡಿಯಿಲ್ಲ’ ಎಂದರೆ ಬಿಡುಗಡೆ. ಹಾಗೆನ್ನಲು ಆಕೆಗೆ ಮಾತಿರಲಿಲ್ಲ. ಮಾತಿದ್ದಿದ್ದರೆ ಹಾಗೆ ಅನ್ನುತ್ತಿದ್ದರೇನೋ, ಬೇಡವೆಂದು ಕೈ ಹಿಡಿಯುತ್ತಿದ್ದರೇನೋ.

2018ರ ಮಾರ್ಚ್ 9ರ ಇನ್ನೊಂದು ತೀರ್ಪು ‘ಲಿವಿಂಗ್ ವಿಲ್’ ಅನ್ನು ಒಪ್ಪಿತು. ಈಗ ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಮುದ್ರೆ ಇದ್ದರೆ, ಯಾವ ನಳಿಕೆ ಬೇಡ, ಯಾವ ಯಂತ್ರ ಬೇಡ ಎಂದು ಮೊದಲೇ ಬರೆದಿಡಬಹುದು. ನಾನಾದರೆ ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇನೆ: ಹೆಂಡತಿಗೆ ಮನಸ್ಸಿದ್ದರೆ ಇನ್ನೊಂದು ಮದುವೆಯಾಗಲಿ, ಭಾನುವಾರಕ್ಕೊಮ್ಮೆ ಬಂದು ಹೋದರೆ ಸಾಕು. ಕಾನೂನಿಗೆ ಆ ಸಾಲು ಏನೇನೂ ಸಾಲದು. ನೆಂಟರ ಬಾಯಿಗೆ ಸಾಕಾದೀತು.