ಕೀವುಗಟ್ಟಿದ ಗಾಯದಲ್ಲಿ ಕೈಟೋಸಾನ್: ಹೈಡ್ರೋಜೆಲ್ ಪಟ್ಟಿ ಮತ್ತು ಪಿಎಚ್ ಪ್ರಶ್ನೆ

ಗಾಯ ಒಣಗಿದರೇ ಮಾಯುತ್ತದೆ ಎಂಬ ನಂಬಿಕೆಯನ್ನು ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲಿನ ಪ್ರಯೋಗದಿಂದ ಅಲುಗಿಸಿದರು. ಪಾಲಿಥೀನ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯಗಳ ಮೇಲೆ ಹೊಸ ಚರ್ಮ ಬೇಗ ಹಬ್ಬಿತ್ತು. ಹೈಡ್ರೋಜೆಲ್ ಪಟ್ಟಿಗಳಿಗೂ ಈ ತೇವವೇ ಆಧಾರ. ಆದರೆ ತೇವ ರೋಗಾಣುವಿಗೂ ಹಿತ. ಆದ್ದರಿಂದಲೇ ಜೆಲ್‌ಗೆ ಸೂಕ್ಷ್ಮಾಣುನಾಶಕ ಗುಣ ಬೇಕು. ನಿಸರ್ಗಮೂಲದ ವಸ್ತುಗಳಲ್ಲಿ ಆ ಗುಣ ಗಾಯದೊಳಗೂ ಉಳಿಯುತ್ತದೆಯೇ?

ಸಿಗಡಿ, ಏಡಿಗಳ ಚಿಪ್ಪಿನ ಕೈಟಿನ್‌ನಿಂದ ಅಸಿಟೈಲ್ ಗುಂಪುಗಳನ್ನು ಕಳಚಿದರೆ ಸಿಗುವುದು ಕೈಟೋಸಾನ್. ಆಮ್ಲೀಯ ದ್ರಾವಣದಲ್ಲಿ ಅದರ ಅಮೈನೋ ಗುಂಪುಗಳು ಪ್ರೋಟಾನ್ ಹಿಡಿದು ಧನಾವೇಶ ಪಡೆಯುತ್ತವೆ. ಬ್ಯಾಕ್ಟೀರಿಯಾದ ಹೊರಮೈ ಋಣಾವೇಶದ್ದು. ಎರಡೂ ಅಂಟಿಕೊಂಡಾಗ ಪೊರೆ ಸೋರತೊಡಗುತ್ತದೆ. ಈ ಗುಂಪುಗಳ ಪಿಕೆಎ, ಅಂದರೆ ಅರ್ಧದಷ್ಟು ಗುಂಪುಗಳು ಪ್ರೋಟಾನ್ ಹಿಡಿದಿರುವ ಪಿಎಚ್, ಸುಮಾರು 6.5. ಸರಳವಾಗಿ ಲೆಕ್ಕ ಹಾಕಿದರೆ ಪಿಎಚ್ 5.5ರಲ್ಲಿ ಶೇ. 90ರಷ್ಟು ಗುಂಪುಗಳಿಗೆ ಆವೇಶವಿರುತ್ತದೆ. ಪಿಎಚ್ 8ರಲ್ಲಿ ಉಳಿಯುವುದು ಶೇ. 3 ಮಾತ್ರ. ಉದ್ದನೆಯ ಪಾಲಿಮರ್ ಈ ಲೆಕ್ಕವನ್ನು ಚಾಚೂತಪ್ಪದೆ ಪಾಲಿಸುವುದಿಲ್ಲ, ನಿಜ. ಆದರೂ ಇಳಿಕೆ ಸ್ಪಷ್ಟ. ಹಳೆಯ ಸೋಂಕುಗಾಯದ ಪಿಎಚ್ ಸಾಮಾನ್ಯವಾಗಿ 7ರ ಮೇಲೆಯೇ ಇರುತ್ತದೆ.

ಹೀಗಿರುವಾಗ, ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ಕೈಟೋಸಾನ್ ಅಗಾರ್ ತಟ್ಟೆಯಲ್ಲಿ ಮೂಡಿಸುವ, ಬ್ಯಾಕ್ಟೀರಿಯಾ ಬೆಳೆಯದ ನಿರ್ಬಂಧ ವಲಯದಲ್ಲಿ ಆಮ್ಲದ ಪಾಲೆಷ್ಟು? ಆಮ್ಲವನ್ನಷ್ಟೇ ಹಾಕಿದ ಹೋಲಿಕೆ ತಟ್ಟೆಯಿಲ್ಲದ ಫಲಿತಾಂಶವನ್ನು ನಾನಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅರಿಶಿನದ ಮಾತೂ ಇಂಥದ್ದೇ. ಗಾಯಕ್ಕೆ ಅರಿಶಿನ ಬಳಸುವುದರ ಮೇಲೆ 1995ರಲ್ಲಿ ಅಮೆರಿಕ ಕೊಟ್ಟ ಪೇಟೆಂಟ್ ಭಾರತದ ಸಿಎಸ್‌ಐಆರ್ ಆಕ್ಷೇಪದಿಂದ 1997ರಲ್ಲಿ ರದ್ದಾಯಿತು. ಆ ಗೆಲುವು ಸಾಬೀತುಪಡಿಸಿದ್ದು ಬಳಕೆಯ ಹಳಮೆಯನ್ನು, ಪರಿಣಾಮವನ್ನಲ್ಲ. ಅರಿಶಿನದ ಸಕ್ರಿಯ ಅಂಶವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ. ಸೀರಮ್ ಇಲ್ಲದ, ಪಿಎಚ್ 7.2ರ ಫಾಸ್ಫೇಟ್ ದ್ರಾವಣದಲ್ಲಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅರ್ಧ ಗಂಟೆಯೊಳಗೆ ಶೇ. 90ರಷ್ಟು ವಿಘಟನೆಯಾಗುತ್ತದೆ. ಪ್ರೋಟೀನ್ ಜತೆಗಿದ್ದರೆ ತುಸು ತಾಳುತ್ತದೆ.

ಜೇನು ಬೇರೆ ಬಗೆಯದು. ಅದು ತಾನೇ ಆಮ್ಲೀಯ; ಗಾಯದ ರಸಿಕೆ ಬೆರೆತು ತೆಳುವಾದಾಗ ಅದರ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಅದೇ ರಸಿಕೆಯಲ್ಲಿರುವ ಕ್ಯಾಟಲೇಸ್ ಕಿಣ್ವ ಆ ಪೆರಾಕ್ಸೈಡನ್ನು ಒಡೆಯಲೂಬಹುದು. ಆದರೂ ಕೈಟೋಸಾನ್‌ಗೆ ಜೇನು ಸೇರಿಸುವುದರಲ್ಲಿ ತರ್ಕವಿದೆ: ಜೇನಿನ ಆಮ್ಲ ಕೈಟೋಸಾನ್‌ನ ಆವೇಶವನ್ನು ಕಾಯುತ್ತದೆ. ಆವೇಶವನ್ನು ಶಾಶ್ವತಗೊಳಿಸಿದ ಕ್ವಾಟರ್ನರಿ ಕೈಟೋಸಾನ್ ಕೂಡ ಇದೆ. ಆದರೆ ಧನಾವೇಶ ಹೆಚ್ಚಿದಂತೆ ಚರ್ಮಕೋಶಗಳಿಗೂ ಪೆಟ್ಟಾಗಬಹುದು; ಅಷ್ಟು ತಿದ್ದಿದ ಮೇಲೆ ಅದನ್ನು ನೈಸರ್ಗಿಕ ಎನ್ನುವುದೂ ಉದಾರತೆಯೇ.

ಆದ್ದರಿಂದ ಪರೀಕ್ಷೆ ನಡೆಯಬೇಕಾದದ್ದು ಸೀರಮ್ ಬೆರೆಸಿ ಪಿಎಚ್ 8ಕ್ಕೆ ಹೊಂದಿಸಿದ ಮಾಧ್ಯಮದಲ್ಲಿ, ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಬಲಿತ ಬಯೋಫಿಲ್ಮ್ ಮೇಲೆ. ಪಟ್ಟಿಯ ಅಡಿಯ ಪಿಎಚ್ಚನ್ನು ಪಟ್ಟಿ ಬದಲಿಸುವ ಹೊತ್ತಿನವರೆಗೂ ಅಳೆಯುತ್ತ.