ಸೊಂಟದೆತ್ತರದಿಂದ ಕಂಡ ಬೀದಿ

1837ರಲ್ಲಿ ಅಮರ ಸುಳ್ಯದ ರೈತರ ದಂಡು ಬೆಳ್ಳಾರೆ, ಪುತ್ತೂರು ದಾಟಿ ಮಂಗಳೂರಿಗೆ ನಡೆದಾಗ ಆ ಬೀದಿಗಳ ಚಿತ್ರ ತೆಗೆಯುವವರಿರಲಿಲ್ಲ. ಮರುವರ್ಷ ಡಾಗೆರ್ ಪ್ಯಾರಿಸ್‌ನ ಬೀದಿಯೊಂದನ್ನು ಚಿತ್ರಿಸಿದ. ಅದೂ ಎತ್ತರದ ಕಿಟಕಿಯಿಂದ. ಓಡಾಡುವ ಗಾಡಿ, ಜನ ಮೂಡಲೇ ಇಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತವನು ಉಳಿದ; ಪಾಲಿಶ್ ಮಾಡುತ್ತಿದ್ದವನು ಬರೀ ಮಸುಕು. ನಮ್ಮ ಚರಿತ್ರೆ ಪುಸ್ತಕಗಳೂ ಹೆಚ್ಚುಕಡಿಮೆ ಹೀಗೆಯೇ ತಾನೆ?

1929ರಲ್ಲಿ ಜರ್ಮನಿಯ ರೋಲಿಫ್ಲೆಕ್ಸ್ ಬಂತು. ಹೊಟ್ಟೆಯ ಮುಂದೆ ಹಿಡಿದು, ತಲೆ ಬಗ್ಗಿಸಿ ನೋಡುವ ಪೆಟ್ಟಿಗೆ ಅದು. ಅದೇ ಬಗೆಯ ಯಾಶಿಕಾ ನಮ್ಮ ಸ್ಟುಡಿಯೋಗಳಲ್ಲಿ ಬಹುಕಾಲ ದುಡಿಯಿತು. ಆ ಎತ್ತರಕ್ಕೆ ಇಳಿದರೆ ಪುತ್ತೂರಿನ ಸೋಮವಾರದ ಸಂತೆಯಲ್ಲಿ ಗೋಣಿ ಹಾಸಿ ಕುಳಿತ ಒಣಮೀನಿನ ಬ್ಯಾರಿಯ, ವೀಳ್ಯದೆಲೆ ಮಾರುವ ಅಜ್ಜಿಯ ಮುಖ ನೇರ ಎದುರಾಗುತ್ತದೆ. ನಿಂತು ತೆಗೆದರೆ ಟೊಪ್ಪಿ, ಸೆರಗು ಅಷ್ಟೇ. ಸುಳ್ಯ, ಕಡಬದ ಹಳೆಯ ಅಂಗಡಿ ಜಗಲಿಗಳು ಕಾಂಕ್ರೀಟಾಗುವ ಮುನ್ನ ಯಾರಾದರೂ ಕುಕ್ಕರಗಾಲಲ್ಲಿ ಕೂರಬೇಕು.