ಬಿಸಿಲಿನ ಕಡತ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರು. ತರೀಕೆರೆಯ ಪಡುವಣಕ್ಕೆ ಮಲೆನಾಡಿನ ಸೆರಗಿದೆ; ಮೂಡಲಿಗೆ ಅಜ್ಜಂಪುರ, ಕಡೂರುಗಳತ್ತ ಸಾಗಿದಂತೆ ಮಳೆ ಇಳಿದು ಬಿಸಿಲು ಏರುತ್ತದೆ. ಅಪರೂಪದ ಮಳೆಗೆ ಇಲ್ಲಿ ಲೆಕ್ಕವಿತ್ತು. ಧಾರಾಳವಾದ ಬಿಸಿಲಿಗೆ ಇರಲಿಲ್ಲ.

ಸಹಜವೇ. ಬರ, ಕಂದಾಯದ ಮಾಫಿ ಎಲ್ಲವೂ ಮಳೆಯನ್ನು ಅವಲಂಬಿಸಿದ್ದವು. ನಿತ್ಯ ಬೆಳಗ್ಗೆ ಮಾಪಕದ ನೀರನ್ನು ಅಳೆದು ಪುಸ್ತಕಕ್ಕೇರಿಸುವುದು ಸರಕಾರದ ಕೆಲಸವಾಯಿತು. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ತಾವಾಗಿಯೇ ವರದಿ ಕಳುಹಿಸುತ್ತವೆ. ಮಳೆಯನ್ನು ಅಳೆಯುವ ಈ ಯಂತ್ರಗಳು ಬಿಸಿಲನ್ನುಂಡು ಬದುಕುತ್ತವೆಂಬುದು ಸ್ವಾರಸ್ಯ!

ಬಿಸಿಲನ್ನು ಬರೆದಿಡುವ ಯತ್ನ ಹೊರನಾಡಿನದು. 1853ರಲ್ಲಿ ಕ್ಯಾಂಪ್‌ಬೆಲ್ ಎಂಬಾತ ಗಾಜಿನ ಗೋಳವೊಂದನ್ನು ಬಿಸಿಲಿಗಿಟ್ಟ. 1879ರಲ್ಲಿ ಸ್ಟೋಕ್ಸ್ ಅದನ್ನು ತಿದ್ದಿದ. ಗೋಳದ ಹಿಂದಿನ ಕಾಗದಪಟ್ಟಿಯ ಮೇಲೆ ಸೂರ್ಯನೇ ಸುಟ್ಟ ಗೆರೆ ಎಳೆಯುತ್ತಾನೆ. ಆದರೆ ಪಟ್ಟಿಯನ್ನು ದಿನವೂ ಬದಲಿಸಲು ಒಬ್ಬ ಮನುಷ್ಯ ಬೇಕೇ ಬೇಕು.

ಬಿಸಿಲು ಮಾರಾಟದ ಸರಕಾದ ಮೇಲೆ ಪರಿಸ್ಥಿತಿ ಬದಲಾಯಿತು. ಕರ್ನಾಟಕದ 2014ರ ಸೌರನೀತಿಯ ಬಳಿಕ ಮನೆಯ ಮಾಡಿನಿಂದ ಮೆಸ್ಕಾಂ ಜಾಲಕ್ಕೆ ವಿದ್ಯುತ್ತು ಹರಿಯತೊಡಗಿತು. ಫಲಕದ ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿಸುವ ಇನ್ವರ್ಟರ್, ಮಾರ್ಪಡಿಸುವಾಗಲೇ ಅದನ್ನು ಅಳೆಯಲೂಬಲ್ಲದು. ಅದನ್ನು ಐದು ನಿಮಿಷಕ್ಕೊಮ್ಮೆ ಕೇಳಿ, ಉತ್ತರವನ್ನು ವೇಳೆಯೊಡನೆ ಬರೆದಿಡುವ ಕೆಲಸಕ್ಕೆ ಒಂದು ಚಿಕ್ಕ ಗಣಕ ಸಾಕು. ದಿನಕ್ಕೆ 288 ಪ್ರಶ್ನೆಗಳು. ಯಾವ ಗುಮಾಸ್ತನೂ ಇದಕ್ಕೆ ಒಪ್ಪಲಾರ.

ಇಷ್ಟು ಸೂಕ್ಷ್ಮತೆ ಏಕೆಂದು ಕೇಳಬಹುದು. ಜಾಲದಲ್ಲಿ ಕರೆಂಟು ಹೋದೊಡನೆ ಇಂಥ ಇನ್ವರ್ಟರ್ ತಾನೂ ನಿಲ್ಲುತ್ತದೆ; ಇಲ್ಲವಾದರೆ ತಂತಿ ದುರಸ್ತಿಗೆ ಕಂಬ ಹತ್ತಿದವನ ಪ್ರಾಣಕ್ಕೆ ಸಂಚಕಾರ. ಹಾಗಾಗಿ ಸುಡುಬಿಸಿಲಿನ ನಡುಹಗಲಲ್ಲೂ ಉತ್ಪತ್ತಿ ಸೊನ್ನೆಯಾದೀತು. ದಿನದ ಮೊತ್ತವನ್ನಷ್ಟೇ ನೋಡಿದವನು ಮೋಡ ಕವಿದಿತ್ತೆಂದು ತಿಳಿದಾನು. ಜಾಲದ ವೋಲ್ಟೇಜನ್ನೂ ಜೊತೆಗೇ ಬರೆದಿಟ್ಟ ಕಡತ ಮಾತ್ರ ನಿಜವನ್ನು ಹೇಳುತ್ತದೆ. ಸಾಲ ಮಾಡಿ ಫಲಕ ಹಾಕಿಸಿದ ಗೃಹಸ್ಥನಿಗೆ ಇದು ಸಣ್ಣ ಮಾತಲ್ಲ.

ಉತ್ತರ ಬಾರದ ಹೊತ್ತಿಗೆ ಸೊನ್ನೆ ಬರೆಯದೆ ಜಾಗ ಖಾಲಿ ಬಿಡಬೇಕು. ಮಳೆ ಬಾರದ ದಿನ ಬೇರೆ, ಮಳೆ ಅಳೆಯದ ದಿನ ಬೇರೆ. ಇನ್ನು, ಕಡತ ಎಲ್ಲಿರಬೇಕು? ಬಹುಮಟ್ಟಿಗೆ ಅದು ತಯಾರಕರ ದೂರದ ಉಗ್ರಾಣದಲ್ಲಿರುತ್ತದೆ. ನನಗೆ ಇದು ಹಿಡಿಸದು. ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷಗಳ ಉತ್ಪತ್ತಿಯ ಭರವಸೆ ಕೊಡುತ್ತಾರೆ. ಹದಿನೈದನೆಯ ವರ್ಷದಲ್ಲಿ ಉತ್ಪತ್ತಿ ಕುಗ್ಗಿತೆಂದು ದೂರಲು ಹೊರಟ ಕಡೂರಿನ ಗೃಹಸ್ಥನ ಕೈಯಲ್ಲಿ ಮೊದಲ ವರ್ಷದ ಅಂಕಿಗಳಿರಬೇಕು.